ಹತ್ತು ಬಂಗಡೆ ಒಂದೊಂದಾಗಿ ಮಾಯ: ಪುಟಾಣಿಗಳ ಪ್ರಾಸದ ಚಿತ್ರಪುಸ್ತಕಕ್ಕೆ ಸಲಹೆ ಬೇಕು

ಕಾಳಿ_ಅಳಿವೆ (ಕಾರವಾರ)

4ರಿಂದ 7 ವರ್ಷದ ಮಕ್ಕಳಿಗೆ 24 ಪುಟದ ಚಿತ್ರಪುಸ್ತಕದ ಕರಡು ತಯಾರಾಗುತ್ತಿದೆ. ಹತ್ತು ಬಂಗಡೆ ಮೀನು. ಪ್ರತಿ ಸಲ ಒಂದೊಂದು ಯಾರದೋ ಹೊಟ್ಟೆಗೆ ಹೋಗುತ್ತದೆ. ಮಕ್ಕಳು ಹಿಮ್ಮುಖವಾಗಿ ಎಣಿಸಬೇಕು, ನಗಬೇಕು, ಸ್ವಲ್ಪ ಹೆದರಲೂಬೇಕು. ಬಲೆ, ಹದ್ದು, ನೀರುನಾಯಿ, ಏಡಿ, ಬೆಕ್ಕು, ಗಾಳ ಎಲ್ಲ ನಮ್ಮ ಕಡಲತಡಿಯವೇ. ಮೊದಲ ಪದ್ಯ ಹೀಗಿದೆ:

ಹತ್ತು ಬಂಗಡೆಗಳು ಸಮುದ್ರದಲ್ಲಿ ಈಜುತ್ತಿದ್ದವು
ಬಲೆಗೆ ಒಂದು ಸಿಕ್ಕಿತು, ಒಂಬತ್ತು ಉಳಿದವು

ಓದಿದರೆ ನಗು ಬರುವುದಿಲ್ಲ. ಸಾವಿನ ಸುದ್ದಿ ಓದಿದ ಹಾಗೆ ಕೇಳುತ್ತದೆ. ಪ್ರಾಸ ಇದೆ, ಆದರೂ ಪದ್ಯ ಏಳುತ್ತಿಲ್ಲ. ತಪ್ಪು ಎಲ್ಲಿದೆ? ಕೊನೆಯ ಮೀನನ್ನು ಉಳಿಸಬೇಕೋ ಬೇಡವೋ ಎಂಬುದೂ ಬಗೆಹರಿದಿಲ್ಲ.

ಮಾತ್ರೆ_ಲೆಕ್ಕ (ಶಿರಸಿ)

ಮೊದಲು ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಎಣಿಸಿ. ಹ್ರಸ್ವ ಅಕ್ಷರಕ್ಕೆ 1, ಅದು ಲಘು. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2, ಅದು ಗುರು. ನಿಮ್ಮ ಮೊದಲ ಸಾಲು 24 ಮಾತ್ರೆ, ಎರಡನೆಯದು 19. ಐದು ಮಾತ್ರೆಯ ಗುಂಡಿ ಅದು, ಓದುವವರ ನಾಲಿಗೆ ಅಲ್ಲೇ ಬೀಳುತ್ತದೆ.

ಎರಡನೆಯ ತೊಂದರೆ ‘ಸಮುದ್ರ’. ಸ 1, ಮು 2, ದ್ರ 1. ಲಘುವಿನ ಬೆನ್ನಿಗೆ ಗುರು ಬಂದರೆ ಗಣ (ಮಾತ್ರೆಗಳ ಗುಂಪು) ಶುರುವಿನಲ್ಲೇ ಕುಂಟುತ್ತದೆ. ‘ಮಸಾಲೆ’ಯದೂ ಇದೇ ಕತೆ. ‘ಕಡಲು’, ‘ನೀರು’, ‘ಅಲೆ’ ಬಳಸಿದರೆ ಈ ತೊಡಕಿಲ್ಲ.

ಮೂರನೆಯದು ಪ್ರಾಸ. ಈಜುತ್ತಿದ್ದವು, ಉಳಿದವು: ಇಲ್ಲಿ ಕೂಡುವುದು ಕ್ರಿಯಾಪದದ ಬಾಲ ಮಾತ್ರ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ‘ಇತು-ಇತು’, ‘ದವು-ದವು’ ಎಂದು ಎಷ್ಟು ಬೇಕಾದರೂ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ ಪ್ರಾಸ ಕಿವಿಗೆ ನಾಟುವುದಿಲ್ಲ. ಪ್ರತ್ಯಯದ ಹಿಂದಿನ ಪದವೂ ಕೂಡಬೇಕು. ಅಲೆಯಲಿ, ಬಲೆಯಲಿ ಎಂದರೆ ‘ಲೆ’ ಕೂಡಿತು. ಮಗು ಮುಂದಿನ ಮಾತನ್ನು ಮೊದಲೇ ಊಹಿಸುವುದು ಇಂಥ ಪ್ರಾಸ ಇದ್ದಾಗ ಮಾತ್ರ. ಊಹಿಸಿದ್ದು ಬಾಯಿಗೆ ಬರುವ ಹೊತ್ತಿಗೆ ಪುಟ ತಿರುಗಬೇಕು, ಇಂಥ ಪುಸ್ತಕದ ನಗು ಇರುವುದೇ ಆ ಜಾಗದಲ್ಲಿ.

ನಿಮಗೆ ಒಂದು ಅದೃಷ್ಟವೂ ಇದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು: ಎಲ್ಲ ಮೂರು ಮಾತ್ರೆಯವೇ. ‘ಬಂಗಡೆ’ ನಾಲ್ಕು ಮಾತ್ರೆ. ಅಂದರೆ ‘ಹತ್ತು ಬಂಗಡೆ’ ತಾನಾಗಿಯೇ 3+4, ಭಾಮಿನಿ ಷಟ್ಪದಿಯ ನಡೆ. ಕುಮಾರವ್ಯಾಸ ಭಾರತವನ್ನು ಹೊತ್ತ ನಡೆ ಇದು. ಇಡೀ ಪುಸ್ತಕವನ್ನು ಇದರಲ್ಲೇ ಕೂರಿಸಿ:

ಹತ್ತು ಬಂಗಡೆ ಸುತ್ತಿ ಬಂದವು
ಬೆಳ್ಳಿ ಮಿನುಗುವ ಅಲೆಯಲಿ
‘ಎಂಥ ತೊಟ್ಟಿಲು!’ ಎಂದು ಹೊಕ್ಕಿತು
ಒಂದು ರಂಪಣಿ ಬಲೆಯಲಿ

1ನೇ, 3ನೇ ಸಾಲು 3+4+3+4. 2ನೇ, 4ನೇ ಸಾಲು 3+4+3, ಆಮೇಲೆ ಒಂದು ಗುರು. ಕೊನೆಯ ‘ಲಿ’ ಲಘುವಾದರೂ ಸಾಲಿನ ಕೊನೆಯಲ್ಲಿ ಎಳೆದು ಗುರುವಾಗುತ್ತದೆ. ಷಟ್ಪದಿಯ ನಡೆಯನ್ನಷ್ಟೇ ತೆಗೆದುಕೊಂಡಿದ್ದು, ಆರು ಸಾಲಿನ ಕಟ್ಟನ್ನಲ್ಲ. ಮಕ್ಕಳಿಗೆ ನಾಲ್ಕು ಸಾಲೇ ಸರಿ. ಅಂಕೋಲೆಯ ದಿನಕರ ದೇಸಾಯರು ಚೌಪದಿಯಲ್ಲಿ ಎಷ್ಟೆಲ್ಲ ಹೇಳಿದರು, ನಾಲ್ಕು ಸಾಲಿಗೆ ಈ ಜಿಲ್ಲೆಯ ಕಿವಿ ಹದವಾಗಿಯೇ ಇದೆ.

ಹೊನ್ನಾವರ_ತಾಳ

ಮಾತ್ರೆ_ಲೆಕ್ಕದವರು ಹೇಳಿದ್ದನ್ನು ಕೈತಾಳದಲ್ಲಿ ನೋಡಿ. ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳುತ್ತ ಪ್ರತಿ ‘ತ’ಕ್ಕೆ ತೊಡೆಯ ಮೇಲೆ ಪೆಟ್ಟು ಕೊಡಿ. ಪೆಟ್ಟು ಬೀಳುವ ಜಾಗದಲ್ಲಿ ಪದದ ಮೊದಲ ಅಕ್ಷರ ಸಿಗಬೇಕು, ಅಥವಾ ಕನಿಷ್ಠ ಪದ ಸಹಜವಾಗಿ ಒಡೆಯುವ ಜಾಗ. ಯಕ್ಷಗಾನ ಕೇಳಿ ಬೆಳೆದ ಕರಾವಳಿಯ ಕಿವಿಗೆ ಈ ಏಳರ ನಡೆ ಹೊಸದಲ್ಲ.

ಒಂದು ಎಚ್ಚರಿಕೆ. ಪುಸ್ತಕದಲ್ಲಿ ‘ಬಂಗಡೆ’ ಎಂದಿದ್ದರೂ ನಮ್ಮವರು ಓದುವಾಗ ‘ಬಂಗ್ಡೆ’ ಅನ್ನುತ್ತಾರೆ. ನಾಲ್ಕು ಮಾತ್ರೆ ಮೂರಾಗುತ್ತದೆ, ತಾಳ ತಪ್ಪುತ್ತದೆ. ಮುಖಪುಟದ ಒಳಮೈಯಲ್ಲಿ ದೊಡ್ಡವರಿಗೆ ಒಂದು ಸಾಲು ಹಾಕಿ: ಮೂರೂ ಅಕ್ಷರ ಬಿಡಿಸಿ ಓದಿ, ಬಂ-ಗ-ಡೆ.

ಪದ್ಯ ಬರೆದವರು ತಾವೇ ಓದಿ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಬರೆದವರ ನಾಲಿಗೆ ಗುಂಡಿಯನ್ನು ತಾನೇ ಹಾರಿ ದಾಟುತ್ತದೆ. ಕರಡನ್ನು ಒಮ್ಮೆಯೂ ನೋಡದ ಮೂವರ ಕೈಗೆ ಕೊಡಿ, ತಯಾರಿ ಇಲ್ಲದೆ ಗಟ್ಟಿಯಾಗಿ ಓದಿಸಿ. ಯಾವ ಅಕ್ಷರಕ್ಕೆ ತಡೆದರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಇಬ್ಬರು ಒಂದೇ ಕಡೆ ತಡೆದರೆ ಆ ಸಾಲು ಬದಲಾಗಲೇಬೇಕು, ಎಷ್ಟೇ ಪ್ರೀತಿಯ ಸಾಲಾದರೂ.

ಕಾಳಿ_ಅಳಿವೆ (ಕಾರವಾರ)

ತೊಟ್ಟಿಲು ಬಂದ ಕೂಡಲೇ ಪದ್ಯದ ಮುಖವೇ ಬದಲಾಯಿತು. ಆದರೆ ಮಾತ್ರೆ_ಲೆಕ್ಕದವರೇ, ನಿಮ್ಮ ಪಟ್ಟಿಯಲ್ಲಿ ಒಂಬತ್ತು ಇಲ್ಲ. ‘ಒಂಬತ್ತು ಬಂಗಡೆ’ ಎಂದರೆ 5+4 ಆಗುತ್ತದಲ್ಲ, ಏನು ಮಾಡುವುದು?

ಮಾತ್ರೆ_ಲೆಕ್ಕ (ಶಿರಸಿ)

ಹೌದು, ಒಂ 2, ಬ 2, ತ್ತು 1. ಈ ಸರಣಿಯ ಕಲ್ಲು ಅದೇ. ಮೂರು ದಾರಿ ಇವೆ.

ಬಲೆಗೆ ಎರಡು ಮೀನು ಬೀಳಿಸುವುದು: ‘ಎರಡು ರಂಪಣಿ ಬಲೆಯಲಿ’. ಹತ್ತರಿಂದ ನೇರ ಎಂಟಕ್ಕೆ. ಮಾತ್ರೆ ಸರಿ, ಆದರೆ ಎಣಿಕೆ ಕಲಿಯುವ ಮಗುವಿಗೆ ಮೆಟ್ಟಿಲು ತಪ್ಪಿದ ಹಾಗೆ. ಎರಡನೆಯ ದಾರಿ, 9 ಎಂಬ ಅಂಕಿಯನ್ನು ಚಿತ್ರಕ್ಕೆ ಬಿಟ್ಟು ಪದ್ಯದಲ್ಲಿ ಆ ಮಾತನ್ನೇ ತೆಗೆಯದಿರುವುದು. ಮೂರನೆಯದು ಒಳ್ಳೆಯದು: ಆಡುಮಾತಿನ ‘ಒಂಬತ್’. ಅದು ನಾಲ್ಕು ಮಾತ್ರೆ: ಒಂ 2, ಬತ್ 2. ಮೂರರ ಜಾಗದಿಂದ ಎತ್ತಿ ನಾಲ್ಕರ ಜಾಗಕ್ಕೆ ಹಾಕಿ.

ಈಗ ಒಂಬತ್ ಮೀನು ಉಳಿದವು
ದಡದ ಬೆಕ್ಕಿಗೆ ಬೇಸರ
ಕತೆಯ ಹೇಳಲು ಒಂದು ಹೋಯಿತು
ಬೆಕ್ಕಿಗೆಲ್ಲಿಯ ಅವಸರ

ಹತ್ತರಲ್ಲಿ ‘ಹತ್ತು ಬಂಗಡೆ’ ಎಂದು ಶುರುವಾಗಿದ್ದು ಇಲ್ಲಿ ‘ಈಗ ಒಂಬತ್’ ಎಂದು ತಿರುಗುತ್ತದೆ. ಆಮೇಲೆ ‘ಎಂಟು ಬಂಗಡೆ’ ಎಂದು ಮೊದಲಿನ ದಾರಿಗೆ ಬರುತ್ತದೆ. ಒಂದೇ ಒಂದು ಕಡೆ ದಾರಿ ತಿರುಗಿದರೆ ಕಿವಿಗೆ ಬೇಸರವಾಗುವುದಿಲ್ಲ, ಬದಲಾವಣೆ ಬೇಕೆನಿಸುವ ಹೊತ್ತೂ ಅದೇ.

ಅಂಕೋಲೆ_ಅಕ್ಕೋರು

ಎರಡು ಮೀನು ಒಟ್ಟಿಗೆ ಬೀಳಿಸಬೇಡಿ. ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ. ಪುಟಕ್ಕೊಂದು ಬೆರಳು ಮಡಚಬೇಕು. ‘ಒಂಬತ್’ಗೆ ನನ್ನ ಅಡ್ಡಿಯಿಲ್ಲ, ಆದರೆ ಆ ಪುಟದ ಮೂಲೆಯಲ್ಲಿ ‘9 ಒಂಬತ್ತು’ ಎಂದು ಪೂರ್ತಿ ಅಚ್ಚಾಗಿರಲಿ.

ಈಗ ಮುಖ್ಯವಾದ ಮಾತು. ಹೆದರಿಸುವ ಪುಸ್ತಕಕ್ಕೂ ಹೆದರಿಕೆಯೊಡನೆ ಆಡುವ ಪುಸ್ತಕಕ್ಕೂ ವ್ಯತ್ಯಾಸವಿದೆ. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಶ್ ಹಾಫ್‌ಮನ್ ತನ್ನ ಮೂರು ವರ್ಷದ ಮಗನಿಗೆಂದು ಚಿತ್ರ ಬರೆದು ಪದ್ಯ ಕಟ್ಟಿದ, ಅದು 1845ರಲ್ಲಿ ಅಚ್ಚಾಯಿತು. ಅದರಲ್ಲಿ ಬೆಂಕಿಕಡ್ಡಿ ಗೀರಿದ ಹುಡುಗಿ ಸುಟ್ಟುಹೋಗುತ್ತಾಳೆ, ಹೆಬ್ಬೆರಳು ಚೀಪಿದವನ ಬೆರಳು ಕತ್ತರಿಸಿ ಹೋಗುತ್ತದೆ. ಅಲ್ಲಿ ಬಲಿಯಾಗುವುದು ಮಗು, ಕಾರಣ ಮಗುವಿನ ತಪ್ಪು. ನಿಮ್ಮ ಪುಸ್ತಕ ಆ ದಾರಿ ಹಿಡಿಯುವುದು ಬೇಡ. ಇಲ್ಲಿ ಬಲಿಯಾಗುವುದು ಮೀನು, ಕಾರಣ ಅದರ ಅತಿ ವಿನಯ, ಅತಿ ಕುತೂಹಲ, ಅತಿ ಧೈರ್ಯ. ಯಾರಿಗೂ ಪಾಠ ಕಲಿಸುತ್ತಿಲ್ಲ. ಪಾಠ ಬಂದ ಕ್ಷಣ ನಗು ಹೋಗುತ್ತದೆ, ಉಳಿಯುವುದು ಗದರಿಕೆ.

ಕನ್ನಡದ ಮಕ್ಕಳಿಗೆ ಪದ್ಯದಲ್ಲಿ ಸಾವು ಹೊಸದು ಎಂದು ಯಾರಾದರೂ ಆಕ್ಷೇಪಿಸಿದರೆ ಗೋವಿನ ಹಾಡನ್ನು ನೆನಪಿಸಿ. ಹುಲಿ ಪ್ರಾಣ ಬಿಡುವ ಕತೆಯನ್ನು ತಲೆಮಾರುಗಳು ತರಗತಿಯಲ್ಲಿ ರಾಗವಾಗಿ ಹಾಡಿವೆ.

4 ವರ್ಷದವರಿಗೆ ನನ್ನ ಗಡಿಗಳು ಇವು: ಅಮ್ಮ-ಮರಿ ಬೇರ್ಪಡುವುದು ಬೇಡ. ಹತ್ತೂ ಮೀನು ಗೆಳೆಯರಾಗಿರಲಿ, ಅಣ್ಣ-ತಮ್ಮ ಆಗುವುದು ಬೇಡ. ರಕ್ತ ಬೇಡ, ನೋವಿನ ಮುಖ ಬೇಡ. ತಿನ್ನುವ ಪ್ರಾಣಿ ಕ್ರೂರವಾಗಿ ಕಾಣಬಾರದು, ಊಟ ಮುಗಿಸಿದವರ ಹಾಗೆ ತೃಪ್ತವಾಗಿ ಕಾಣಬೇಕು. ಕತ್ತಲ ಪುಟ ಎರಡಕ್ಕಿಂತ ಹೆಚ್ಚು ಬೇಡ, ಅವೂ ಒಂದರ ಹಿಂದೆ ಒಂದು ಬರಬಾರದು.

ಸೊಪ್ಪಿನಬೆಟ್ಟ (ಶಿರಸಿ)

ಅಕ್ಕೋರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಶಿರಸಿಯಲ್ಲಿ ಮಾರಿಜಾತ್ರೆ ಇಲ್ಲದ ವರ್ಷ, ಹೋಳಿ ಹೊತ್ತಿಗೆ ಬೇಡರ ವೇಷ ಬರುತ್ತದೆ. ಕೆಂಪು ಬಳಿದ ಮುಖ, ಬೆನ್ನಿಗೆ ನವಿಲುಗರಿಯ ಕಟ್ಟು, ಕೈಯಲ್ಲಿ ಕತ್ತಿ-ಗುರಾಣಿ, ತಮಟೆಯ ಬಡಿತ. ಬೇಡ ಜನರ ಮೇಲೆ ನುಗ್ಗುತ್ತಾನೆ, ಹಿಂದೆ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಾರೆ. ಮಕ್ಕಳು ಕಿರುಚಿ ಓಡುತ್ತಾರೆ, ಮತ್ತೆ ತಾವಾಗಿಯೇ ಮುಂದೆ ಬರುತ್ತಾರೆ. ಆ ಹಗ್ಗ ಕಾಣುವುದರಿಂದಲೇ ಮತ್ತೆ ಬರುವುದು.

ಪುಸ್ತಕದಲ್ಲಿ ಹಗ್ಗ ಹಿಡಿಯುವ ಇಬ್ಬರು ಯಾರೆಂದರೆ ತಾಳ ಮತ್ತು ಪ್ರಾಸ. ತಾಳ ಗಟ್ಟಿ ಇದ್ದಷ್ಟು ಬೇಡ ಮುಂದೆ ನುಗ್ಗಬಹುದು. ನಿಮ್ಮ ಮೊದಲ ಕರಡಿನಲ್ಲಿ 24 ಮಾತ್ರೆಗೆ 19 ಬಂದಾಗ ಆದದ್ದು ಅದೇ, ಹಗ್ಗ ಸಡಿಲಾಗಿ ಸಾವು ಬರೀ ಸಾವಾಯಿತು.

ಘಟ್ಟದ ಮೇಲಿನವರ ಬೇಡಿಕೆಯನ್ನೂ ಕೇಳಿ. ಇಲ್ಲಿ ಎಷ್ಟೋ ಮನೆಯಲ್ಲಿ ಮೀನು ಒಲೆಗೆ ಹತ್ತುವುದಿಲ್ಲ. ಮಕ್ಕಳಿಗೆ ಬಂಗಡೆಗಿಂತ ಉಂಬಳ (ಮಳೆಗಾಲದ ಜಿಗಣೆ) ಹತ್ತಿರದ ನಂಟ. ‘ಉಂಬಳ’ ನಾಲ್ಕು ಮಾತ್ರೆ, ಅದಕ್ಕೆ ನಾಲ್ಕರ ನಡೆಯೇ ಸರಿ:

ಉಂಬಳ ಕೂತಿತು ಕೇಳದೆ ತಟ್ಟೆ
ಕುಂಬಳದಂತೆಯೆ ಊದಿತು ಹೊಟ್ಟೆ

ಎರಡನೆಯ ಅಕ್ಷರದಲ್ಲಿ ಆದಿಪ್ರಾಸ, ಕೊನೆಯಲ್ಲಿ ಅಂತ್ಯಪ್ರಾಸ. ಎರಡೂ ಇದ್ದರೆ ಎರಡು ಸಾಲಿಗೇ ಪದ್ಯ ಮುಗಿದ ತೃಪ್ತಿ ಬರುತ್ತದೆ. ಮಳೆಗಾಲದ ಒಂದು ಪುಸ್ತಕ ಇದರಿಂದಲೇ ಆದೀತು.

ಗೆರೆ_ಬಣ್ಣ (ಕುಮಟಾ)

ಕರಡನ್ನು ಚಿತ್ರದ ಕಡೆಯಿಂದ ನೋಡೋಣ. ಪದ್ಯ ಹೇಳಿದ್ದನ್ನೇ ಚಿತ್ರ ಹೇಳಿದರೆ ಒಂದು ವ್ಯರ್ಥ. ಮಾತು ಸುಳ್ಳು ವಿನಯದಲ್ಲಿ ಇರಬೇಕು, ನಿಜವನ್ನು ಚಿತ್ರ ಹೇಳಬೇಕು. ಓದಲು ಬಾರದ ಮಗು ಚಿತ್ರ ನೋಡಿ ಓದುವವರಿಗಿಂತ ಮೊದಲೇ ಸತ್ಯ ಕಂಡುಹಿಡಿಯುತ್ತದೆ. ‘ಅಯ್ಯೋ, ಅದು ತೊಟ್ಟಿಲಲ್ಲ!’ ಎಂದು ಮಗುವೇ ಕೂಗಬೇಕು.

ರಂಪಣಿಯನ್ನು ಪೂರ್ತಿ ಬಿಡಿಸಬೇಡಿ. ದಡದಿಂದ ಎರಡು ಸಾಲಿನಲ್ಲಿ ಜನ ನಿಂತು ಎರಡು ತುದಿ ಎಳೆಯುವ ಬಲೆ ಅದು. ಪುಟದ ಮೇಲಂಚಿನಲ್ಲಿ ಮೊಣಕಾಲವರೆಗಿನ ಕಾಲುಗಳ ಸಾಲು ಮತ್ತು ಹಗ್ಗ, ಕೆಳಗೆ ಬಲೆಯ ಬಾಗಿನಲ್ಲಿ ಕಣ್ಣು ಮುಚ್ಚಿ ಮಲಗಿದ ಒಂದು ಬಂಗಡೆ. ಸಾಕು.

ಬಂಗಡೆಯನ್ನು ಸರಿಯಾಗಿ ಬಿಡಿಸಿ. ಕಾರವಾರ, ತದಡಿಯ ಮಕ್ಕಳಿಗೆ ಮೀನಿನ ಗುರುತು ನಮಗಿಂತ ಚೆನ್ನಾಗಿ ಗೊತ್ತು. ಬೆನ್ನು ನೀಲಿ-ಹಸಿರು, ಅದರ ಮೇಲೆ ತಲೆಯಿಂದ ಬಾಲದ ಕಡೆ ಓಡುವ ಕಪ್ಪು ಗೆರೆಗಳು. ಹೊಟ್ಟೆ ಬೆಳ್ಳಿ. ಎದೆಯ ರೆಕ್ಕೆಯ ಬಳಿ ಒಂದು ಕಪ್ಪು ಚುಕ್ಕೆ. ಬಾಲಕ್ಕೆ ಮುಂಚೆ ಮೇಲೆ ಐದು, ಕೆಳಗೆ ಐದು ಪುಟ್ಟ ಪುಟ್ಟ ರೆಕ್ಕೆಗಳು. ಬಾಲ ಆಳವಾಗಿ ಕವಲೊಡೆದಿರುತ್ತದೆ. ಇಷ್ಟು ಇದ್ದರೆ ಮುಖಕ್ಕೆ ಎಂಥ ಭಾವ ಬೇಕಾದರೂ ಕೊಡಿ, ಅದು ಬಂಗಡೆಯಾಗಿಯೇ ಇರುತ್ತದೆ.

ಹತ್ತು ಮೀನಿಗೂ ಒಂದೊಂದು ಗುರುತು ಬೇಕು: ಹರಿದ ಬಾಲ, ಉಬ್ಬಿದ ಕಣ್ಣು, ಒಂದು ಗೆರೆ ಕಡಿಮೆ, ಯಾವಾಗಲೂ ಹಿಂದೆ ನೋಡುವುದು, ಯಾವಾಗಲೂ ಬಾಯಿ ತೆರೆದಿರುವುದು. ಮೊದಲ ಪುಟದಲ್ಲೇ ಹತ್ತೂ ಒಟ್ಟಿಗೆ ಕಾಣಲಿ. ಎರಡನೇ ಸಲ ಓದುವಾಗ ಮಗು ‘ಈಗ ಹೋಗುವುದು ಇದೇ’ ಎಂದು ಬೆರಳಿಡುತ್ತದೆ. ಹಾಗೆ ಬೆರಳಿಟ್ಟ ಮೇಲೆ ಪುಸ್ತಕ ಮಗುವಿನದಾಯಿತು.

ಕಾಳಿ_ಅಳಿವೆಯವರೇ, ನೀವು ಕಳುಹಿಸಿಕೊಟ್ಟ ಹೊಸ ಕರಡಿನ ಆರರ ಪದ್ಯದ ಬಗ್ಗೆ ನನಗೆ ತಕರಾರಿದೆ.

ಆರು ಬಂಗಡೆ ದಾರಿ ಕೇಳಲು
ಏಡಿ ಕತ್ತರಿ ಎತ್ತರಿಸಿ
‘ಬಾಲ ಉದ್ದವೆ? ಗಿಡ್ಡ ಮಾಡುವೆ’
ಐದು ನಿಂತವು ತತ್ತರಿಸಿ

ಪ್ರಾಸ ಚೆನ್ನಾಗಿದೆ. ಆದರೆ ಇದನ್ನು ಬಿಡಿಸುವುದು ಹೇಗೆ? ಮಾಯವಾಗುವುದನ್ನು ನಗಿಸುತ್ತ ಬಿಡಿಸಬಹುದು, ಕತ್ತರಿಸುವುದನ್ನು ಆಗುವುದಿಲ್ಲ. ಕೂದಲು ಕತ್ತರಿಸಿಕೊಳ್ಳಲು ಅಳುವ ವಯಸ್ಸಿನವರು ಇದರ ಓದುಗರು.

ಮಾತ್ರೆ_ಲೆಕ್ಕ (ಶಿರಸಿ)

ಒಪ್ಪಿದೆ. ಏಡಿ ಇರಲಿ, ಕತ್ತರಿ ಹೋಗಲಿ:

ಆರು ಬಂಗಡೆ ದಾರಿ ಕೇಳಲು
ಏಡಿ ತೋರಿತು ಬಿಲವನು
‘ಒಳಗೆ ನೆರಳಿದೆ, ಬನ್ನಿ’ ಎಂದಿತು
ಐದು ನೋಡಿವೆ ನೆಲವನು

ಯಾರು ಒಳಗೆ ಹೋದರು ಎಂದು ಪದ್ಯ ಹೇಳುವುದಿಲ್ಲ. ಐದು ಮೀನು ತಲೆತಗ್ಗಿಸಿ ನಿಂತಿರುವುದೇ ಉತ್ತರ. ಏಳರ ಪದ್ಯವನ್ನೂ ಹೀಗೇ ತಿದ್ದಬೇಕು. ನಿಮ್ಮ ಕರಡಿನಲ್ಲಿ ಕೊನೆಯ ಸಾಲು ‘ಲೆಕ್ಕ ಹೊಟ್ಟೆಯೊಳಲ್ಲಿದೆ’ ಎಂದಿತ್ತು. ‘ಹೊಟ್ಟೆ’ ಎಂದರೆ ಚಿತ್ರಕ್ಕೆ ಕೆಲಸ ಉಳಿಯುವುದಿಲ್ಲ, ಸಂಧಿಯೂ ನಾಲಿಗೆಗೆ ಸಿಕ್ಕಿಕೊಳ್ಳುತ್ತದೆ.

ಏಳು ಬಂಗಡೆ ಕೇಳುತಿದ್ದವು
‘ನೀರುನಾಯಿಗೆ ಹಲ್ಲಿದೆ?’
‘ಎಣಿಸಿ ಬರುವೆನು’ ಎಂದು ಹೋಯಿತು
ಲೆಕ್ಕ ಈಗಲು ಅಲ್ಲಿದೆ

ನಾಲ್ಕನೆಯ ಸಾಲಿಗೆ ನೀರುನಾಯಿ ಬಂಡೆಯ ಮೇಲೆ ಅಂಗಾತ ಮಲಗಿ ಹೊಟ್ಟೆ ಸವರಿಕೊಳ್ಳಲಿ.

ಎಂಟರ ಪದ್ಯವನ್ನು ಮುಟ್ಟಬೇಡಿ, ಇಡೀ ಕರಡಿನಲ್ಲಿ ಅದೇ ಎಲ್ಲಕ್ಕಿಂತ ಹದವಾಗಿದೆ:

ಎಂಟು ಬಂಗಡೆ ನಂಟರಾದವು
ಹದ್ದು ಕರೆಯಿತು ಊಟಕೆ
‘ಬಂದೆ’ ಎನ್ನುತ ಒಂದು ಹಾರಿತು
ಏಳು ಉಳಿದವು ಆಟಕೆ

ಊಟಕೆ ಕರೆದವರು ಯಾರು, ಊಟ ಆದವರು ಯಾರು ಎಂಬ ತಿರುವು ಒಂದೇ ಮಾತಿನಲ್ಲಿದೆ.

ಮೊಳೆ_ಮಸಿ (ಕಾರವಾರ)

ಪುಟದ ಲೆಕ್ಕ ಈಗಲೇ ಕೂರಿಸಿಕೊಳ್ಳಿ, ಆಮೇಲೆ ಚಿತ್ರ ತಿದ್ದಿಸುವುದು ಕಷ್ಟ. ನಡು ಹೊಲಿಗೆಯ ಪುಸ್ತಕಕ್ಕೆ ಪುಟ ನಾಲ್ಕರ ಮಡಿಯಲ್ಲಿ ಇರಬೇಕು. 24 ಪುಟ ಎಂದರೆ ಮಡಚಿದ ಆರು ಹಾಳೆ, ಮುಖಪುಟ ಬೇರೆ.

ಒಂದು ಪದ್ಯವನ್ನು ಎದುರುಬದುರು ಪುಟಕ್ಕೆ ಹಂಚಬೇಡಿ. ಮೂರು ಸಾಲು ಬಲಪುಟದಲ್ಲಿ, ನಾಲ್ಕನೆಯ ಸಾಲು ಪುಟ ತಿರುಗಿಸಿದ ಮೇಲೆ ಎಡಪುಟದಲ್ಲಿ. 1 ಶೀರ್ಷಿಕೆ, 2 ಪ್ರಕಾಶನದ ವಿವರ. 3ರಲ್ಲಿ ಹತ್ತರ ಮೂರು ಸಾಲು, 4ರಲ್ಲಿ ‘ಒಂದು ರಂಪಣಿ ಬಲೆಯಲಿ’. ಅದರ ಎದುರಿಗೇ 5ರಲ್ಲಿ ಒಂಬತ್ತು ಶುರು, 6ರಲ್ಲಿ ಬೆಕ್ಕು. ಹೀಗೆ ಹೋದರೆ ಕೊನೆಯ ಮೀನಿನ ಪದ್ಯ 21ರಲ್ಲಿ ಶುರುವಾಗಿ 22ರಲ್ಲಿ ಮುಗಿಯುತ್ತದೆ. 23, 24 ಮಾತಿಲ್ಲದ ಚಿತ್ರಕ್ಕೆ ಉಳಿಯುತ್ತವೆ. ಹತ್ತು ಪದ್ಯಕ್ಕೆ 24 ಪುಟ ಅಳತೆ ಕೊಟ್ಟು ಹೊಲಿಸಿದ ಹಾಗಿದೆ, 32ಕ್ಕೆ ಎಳೆಯಬೇಡಿ.

ಅಳತೆ ಕ್ರೌನ್ 1/4, ಸುಮಾರು 7.25 × 9.5 ಇಂಚು. ಒಳಪುಟ 130 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಟ್ ಆರ್ಟ್ ಪೇಪರ್, ಮುಖಪುಟ 250 ಜಿಎಸ್‌ಎಂ, ಮೇಲೆ ಮ್ಯಾಟ್ ಲ್ಯಾಮಿನೇಶನ್. ಹೊಳಪಿನ ಕಾಗದ ದೀಪದ ಕೆಳಗೆ ಓದುವಾಗ ಕಣ್ಣಿಗೆ ಹೊಡೆಯುತ್ತದೆ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ), ನಾಲ್ಕೂ ಬದಿಗೆ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ. ಮುಖ್ಯವಾದದ್ದು ಯಾವುದೂ ಅಂಚಿನಿಂದ 10 ಮಿಲಿಮೀಟರ್ ಒಳಗೆ, ನಡುಮಡಿಕೆಯಿಂದ 12 ಮಿಲಿಮೀಟರ್ ಒಳಗೆ ಬರಬಾರದು. ಎಣಿಸುವ ಪುಸ್ತಕದಲ್ಲಿ ಒಂದು ಮೀನು ಮಡಿಕೆಯೊಳಗೆ ಸೇರಿದರೆ ಎಣಿಕೆಯೇ ತಪ್ಪು.

ಕಡಲಿನ ಕಡುನೀಲಿ ಬಗ್ಗೆ ಜಾಗ್ರತೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಕೂಡಿ ಶೇಕಡಾ 300 ದಾಟಬಾರದು. ದಾಟಿದರೆ ಮಸಿ ಒಣಗುವುದು ತಡವಾಗಿ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವದಲ್ಲಿ ಇದು ಇನ್ನೂ ಹೆಚ್ಚು. ಸಾಧ್ಯವಾದರೆ ಅಚ್ಚನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಅಕ್ಷರ ಅಪ್ಪಟ ಕಪ್ಪು ಮಾತ್ರ ಇರಲಿ, ನಾಲ್ಕು ಬಣ್ಣ ಕೂಡಿಸಿದ ಕಪ್ಪು ಬೇಡ. ಬಣ್ಣಗಳು ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರ ಮಸುಕಾಗುತ್ತದೆ. ಕಡುನೀಲಿಯ ಮೇಲೆ ಬಿಳಿ ಅಕ್ಷರ ಬೇಕೇ ಬೇಕೆಂದರೆ ದಪ್ಪ ಅಕ್ಷರ ತೆಗೆದುಕೊಳ್ಳಿ, ತೆಳು ಗೆರೆಯೊಳಗೆ ಮಸಿ ತುಂಬಿ ‘ತ್ತ’ದ ಒತ್ತು ಕಾಣದೇ ಹೋಗುತ್ತದೆ.

500 ಪ್ರತಿಗಿಂತ ಕಡಿಮೆಯಾದರೆ ಡಿಜಿಟಲ್ ಸಾಕು. 1000 ದಾಟಿದರೆ ಆಫ್‌ಸೆಟ್ ಅಗ್ಗ. ಪುಸ್ತಕದ ಗುರುತುಸಂಖ್ಯೆ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ಮುದ್ರಣಕ್ಕೆ ಮುಂಚೆಯೇ ಅರ್ಜಿ ಹಾಕಿ.

ಕಾಳಿ_ಅಳಿವೆ (ಕಾರವಾರ)

ಪಠ್ಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆಗಿದೆ. ಯುನಿಕೋಡ್‌ಗೆ ಬದಲಿಸುವಾಗ ನೋಡಬೇಕಾದ್ದು ಏನಾದರೂ ಇದೆಯೇ? ಪಿನ್ನು ಹೊಡೆಯುವುದೋ ದಾರವೋ?

ಮೊಳೆ_ಮಸಿ (ಕಾರವಾರ)

ಮೊದಲು ಅರ್ಕಾವತ್ತು ನೋಡಿ. ಬದಲಿಸುವಾಗ ‘ಸೂರ್ಯ’ ಹೋಗಿ ‘ಸೂಯರ್’ ಆಗುವುದು ಇಲ್ಲೇ. ಆಮೇಲೆ ದೀರ್ಘದ ಕೊಂಬು. ಪುಟ ಕಟ್ಟುವಾಗ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ದಿರಬೇಕು, ಇಲ್ಲವಾದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಸಿಕೊಳ್ಳುತ್ತದೆ. ಅಕ್ಷರದ ಅಳತೆ 26 ಪಾಯಿಂಟ್ ಇಟ್ಟರೆ ಸಾಲಿನಿಂದ ಸಾಲಿಗೆ ಕನಿಷ್ಠ 40 ಬೇಕು. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೊನೆಗೆ ಪಿಡಿಎಫ್ ಮಾಡುವ ಮುನ್ನ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಗೆರೆಯ ಆಕಾರಗಳಾಗಿ ಬದಲಿಸಿ), ಆದರೆ ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಸಾದಾ ತಂತಿಯ ಪಿನ್ನು ಕಡಲತಡಿಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಲೆ ಬಿಡುತ್ತದೆ. ಚಿಕ್ಕ ಮಕ್ಕಳು ಪುಸ್ತಕವನ್ನು ಬಾಯಿಗೂ ಇಡುತ್ತಾರೆ. ಸತುವಿನ ಲೇಪದ ತಂತಿ ಕೇಳಿ. ಪ್ರತಿ ಕಡಿಮೆ ಇದ್ದರೆ ದಾರದ ಹೊಲಿಗೆಯೇ ಒಳ್ಳೆಯದು.

ಅಂಕೋಲೆ_ಅಕ್ಕೋರು

ಕೊನೆಯ ಮೀನಿನ ಪ್ರಶ್ನೆ ಹಾಗೇ ಉಳಿದಿದೆ. ಕರಡಿನ ಕೊನೆ ‘ಕಾದ ಕಾವಲಿ ಎಣ್ಣೆಗೆ’ ಎಂದಿದೆ. ಬಿಸಿ ಎಣ್ಣೆ ಬೇಡ. ಮನೆಯ ಒಲೆಯ ಮೇಲಿನ ನಿಜವಾದ ಅಪಾಯ ಅದು, ಆ ವಯಸ್ಸಿಗೆ ಆಟದ ವಸ್ತು ಅಲ್ಲ. ಆದರೆ ಉಳಿಸಿ ಮುದ್ದು ಮಾಡುವುದೂ ಬೇಡ. ಒಂಬತ್ತು ಮೀನು ಹೋದ ಮೇಲೆ ಹತ್ತನೆಯದು ಸುಮ್ಮನೆ ಬದುಕಿದರೆ ಏಳು ವರ್ಷದ ಮಕ್ಕಳು ಮೋಸ ಎನ್ನುತ್ತಾರೆ.

ಮಾತ್ರೆ_ಲೆಕ್ಕ (ಶಿರಸಿ)

ಮೀನು ಓದುಗರನ್ನೇ ಕೇಳಲಿ:

ಒಂದು ಬಂಗಡೆ ಹಿಂದೆ ನೋಡಿತು
ಯಾರು ಇಲ್ಲದ ನೀರಲಿ
ಪುಟವ ತಿರುವಿದ ನಿನ್ನ ನೋಡಿತು
‘ನಾಳೆ ನಾನೇ ಸಾರಲಿ?’

ಇಷ್ಟು ಹೊತ್ತು ಪುಟ ತಿರುವುತ್ತ ಬಂದದ್ದು ಮಗುವಿನ ಕೈಯೇ. ಪ್ರತಿ ಸಲ ತಿರುವಿದಾಗಲೂ ಒಂದು ಮೀನು ಹೋಗಿದೆ. ಅದನ್ನು ಕೊನೆಯ ಮೀನು ಗಮನಿಸಿದೆ.

ಗೆರೆ_ಬಣ್ಣ (ಕುಮಟಾ)

22ನೇ ಪುಟಕ್ಕೆ ಮೀನಿನ ಮುಖ ಒಂದೇ ಸಾಕು, ಪುಟ ತುಂಬ, ನೇರ ಕಣ್ಣಿಗೆ ಕಣ್ಣಿಟ್ಟು. 23ರಲ್ಲಿ ಮುಚ್ಚಿದ ಮಣ್ಣಿನ ಗಡಿಗೆ, ಮುಚ್ಚಳದ ಬದಿಯಿಂದ ಸಣ್ಣ ಹಬೆ. ಒಳಗೆ ಏನಿದೆ ಎಂಬುದನ್ನು ಮಗು ಹೇಳಲಿ. 4 ವರ್ಷದವರು ಗಂಜಿ ಎನ್ನಬಹುದು, 7 ವರ್ಷದವರು ಬೇರೆಯದೇ ಹೇಳುತ್ತಾರೆ.

24ರಲ್ಲಿ ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಎಡಕ್ಕೆ ಹತ್ತು ಮೀನಿನ ಮುಖ, ಬಲಕ್ಕೆ ಬಲೆ, ಬೆಕ್ಕು, ಹದ್ದು, ನೀರುನಾಯಿ, ಏಡಿ ಎಲ್ಲವನ್ನೂ ಕಲಸಿ ಬಿಡಿಸಿ. ಯಾರು ಎಲ್ಲಿಗೆ ಹೋದರೆಂದು ಬೆರಳಿನಿಂದ ಗೆರೆ ಎಳೆಯುವ ಆಟ. ಹೋದವರನ್ನೆಲ್ಲ ಮತ್ತೊಮ್ಮೆ ಒಟ್ಟಿಗೆ ನೋಡಿದರೆ ಚಿಕ್ಕವರ ಎದೆ ಹಗುರಾಗುತ್ತದೆ.

ಅಚ್ಚಿಗೆ ಹೋಗುವ ಮುನ್ನ ಪ್ರೂಫ್ ಹಿಡಿದು ಪ್ರತಿ ಬಲಪುಟದಲ್ಲಿ ಮೀನುಗಳನ್ನು ಬೆರಳಿಟ್ಟು ಎಣಿಸಿ. 5ನೇ ಪುಟಕ್ಕೆ 9, 7ಕ್ಕೆ 8, 9ಕ್ಕೆ 7, ಹೀಗೆ. ಹಿನ್ನೆಲೆಯಲ್ಲಿ ಅಂದಕ್ಕೆಂದು ಹಾಕಿದ ದೂರದ ಮೀನುಗಳಿದ್ದರೆ ಎಲ್ಲ ಅಳಿಸಿ.

ಕಾಳಿ_ಅಳಿವೆ (ಕಾರವಾರ)

ಗಡಿಗೆ ಮತ್ತು ಹಾಜರಿ ಎರಡೂ ಸೇರಿದವು. ಐದು, ನಾಲ್ಕು, ಮೂರು ಇದೇ ಅಚ್ಚಿನಲ್ಲಿ ತಿದ್ದಿಕೊಳ್ಳಬಹುದು. ಎರಡರದ್ದು ಮಾತ್ರ ಹಿಡಿತಕ್ಕೆ ಬರುತ್ತಿಲ್ಲ. ಅಲ್ಲಿ ಗಾಳ ಬರಬೇಕು, ಆದರೆ ಮುಂದಿನ ಪುಟದ ಒಂಟಿ ಮೀನಿಗೆ ದಾರಿಯನ್ನೂ ಮಾಡಿಕೊಡಬೇಕು.

ಸೊಪ್ಪಿನಬೆಟ್ಟ (ಶಿರಸಿ)

ಇದನ್ನು ತಾಳ ಹಾಕಿ ನೋಡಿ:

ಎರಡು ಬಂಗಡೆ ಜಗಳ ಕಾದವು
‘ನಾನೆ ಕೊನೆಯವ, ನೋಡಿಕೊ’
ಗಾಳ ಬಂದಿತು, ಒಂದು ಹೇಳಿತು
‘ನೀನೆ ಗೆದ್ದವ, ಹಾಡಿಕೊ’

ಗೆರೆ_ಬಣ್ಣ (ಕುಮಟಾ)

ಕೊಕ್ಕೆ ಬಿಡಿಸುವುದು ಬೇಡ. 20ನೇ ಪುಟದಲ್ಲಿ ಮೇಲಕ್ಕೆ ನೆಟ್ಟಗೆ ಹೋಗುವ ಒಂದು ದಾರ, ಪುಟದ ಅಂಚಿನಲ್ಲಿ ಒಂದು ಬಾಲ. ಕೆಳಗೆ ಗೆದ್ದ ಮೀನು, ಬಾಯಿ ಅರ್ಧ ತೆರೆದಿದೆ, ಹಾಡು ಇನ್ನೂ ಶುರುವಾಗಿಲ್ಲ.